ಕರೆಂಟ್ ಬಂತು, ಸರ್ವರ್ ಬರಲಿಲ್ಲ: ಲಿನಕ್ಸ್ ಮೆಮೊರಿ ಮತ್ತು ಕರ್ನಲ್ ಎಡವಟ್ಟು ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಕೊಡಗಿನ ಕಕ್ಕಡ ತಿಂಗಳು, ಜೋರು ಮಳೆಗಾಲ. ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ ಒಂದು ಕಾಫಿ ತೋಟ. ಲೈನಿನ ಮೇಲೆ ಸಿಲ್ವರ್ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಮೂರನೇ ದಿನ ಬೆಳಿಗ್ಗೆ ತೋಟದ ಲೆಕ್ಕ ಬರೆಯುವ ರೈಟರು ಫೋನ್ ಮಾಡಿದರು. "ಸಾರ್, ಕರೆಂಟ್ ಬಂತು, ಸರ್ವರ್ ಬರ್ಲಿಲ್ಲ. ಸ್ಕ್ರೀನಲ್ಲಿ ಪ್ಯಾನಿಕ್ ಅಂತ ಏನೋ ಬರೆದಿದೆ. ಶನಿವಾರ ಬಟವಾಡೆ, ಚೆಕ್‌ರೋಲ್ ಪೂರ್ತಿ ಅದರಲ್ಲೇ ಇದೆ." ಚೆಕ್‌ರೋಲ್ ಅಂದರೆ ಕೆಲಸದವರ ಹಾಜರಿ, ಕೂಲಿಯ ಲೆಕ್ಕ.

ನಾನಿದ್ದದ್ದು ಮಡಿಕೇರಿಯಲ್ಲಿ. ಮಳೆ ನೋಡಿದರೆ ಮಧ್ಯಾಹ್ನದವರೆಗೆ ಹೊರಡುವ ಹಾಗಿರಲಿಲ್ಲ. ಹಾಗಾಗಿ ಮೊದಲ ಅರ್ಧ ಕೆಲಸ ಫೋನಿನಲ್ಲೇ ಆಯಿತು, ಉಳಿದರ್ಧ ಸ್ಥಳದಲ್ಲಿ. ಆ ದಿನ ಮಾಡಿದ್ದನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ಆ ದಿನ ಬೇಕಾಗದಿದ್ದರೂ ಬೇರೆ ಕಡೆ ಕಂಡ ತೊಂದರೆಗಳನ್ನು ಕೊನೆಗೆ ಸೇರಿಸಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡುಗಳನ್ನು ಫೋನಿನಲ್ಲಿ ಹೇಳುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊದಲು ಸ್ಕ್ರೀನಿನ ಫೋಟೋ, ಆಮೇಲೆ ಬೇರೆ ಮಾತು

ಸರ್ವರ್ ಏಳದಿದ್ದರೆ ಎಲ್ಲರೂ ಮಾಡುವ ಮೊದಲ ಕೆಲಸ ಪವರ್ ಬಟನ್ ಒತ್ತಿ ಮತ್ತೆ ಆನ್ ಮಾಡುವುದು. ನಮ್ಮ ರೈಟರು ನಾಲ್ಕು ಸಲ ಮಾಡಿದ್ದರು. ದಯವಿಟ್ಟು ಬೇಡ. ಸ್ಕ್ರೀನಿನ ಫೋಟೋ ತೆಗೆಯಿರಿ. ಇಷ್ಟು ಬೇಗ ಬಿದ್ದ ಕರ್ನಲ್‌ನ (ಲಿನಕ್ಸಿನ ತಿರುಳು ಪ್ರೋಗ್ರಾಂ) ಮಾತು ಯಾವ ಲಾಗ್ ಫೈಲಿನಲ್ಲೂ ಸಿಗುವುದಿಲ್ಲ. ಡಿಸ್ಕ್ ಇನ್ನೂ ಮೌಂಟೇ ಆಗಿರುವುದಿಲ್ಲ, ಅಲ್ವಾ? ಬರೆಯುವುದೆಲ್ಲಿ? ನಿಮಗೆ ಸಿಗುವ ಸಾಕ್ಷಿ ಆ ಫೋಟೋ ಒಂದೇ.

ಪ್ಯಾನಿಕ್ ಸಾಲು "ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್" ಅಂತ ಶುರುವಾಗುತ್ತದೆ. ಈ "ನಾಟ್ ಸಿಂಕಿಂಗ್" ನೋಡಿ ಡಿಸ್ಕ್ ಹೋಯಿತು ಅಂತ ಹೆದರುವವರನ್ನು ಕಂಡಿದ್ದೇನೆ. ಹಾಗೇನಿಲ್ಲ. ಬಾಕಿ ಇರುವ ಡೇಟಾವನ್ನು ಡಿಸ್ಕಿಗೆ ಬರೆಯಲು ಈಗ ಹೋಗುವುದಿಲ್ಲ ಅಂತ ಕರ್ನಲ್ ಹೇಳುತ್ತಿದೆ, ಅಷ್ಟೇ. ನಿಜವಾದ ಕಾರಣ ಅದರ ಮುಂದಿನ ಕೋಲನ್ ಆದಮೇಲೆ ಇರುತ್ತದೆ. ನಮಗೆ ಸಿಕ್ಕಿದ್ದು ಇದು: "ಸಿಸ್ಟಮ್ ಈಸ್ ಡೆಡ್‌ಲಾಕ್ಡ್ ಆನ್ ಮೆಮೊರಿ". ಮೆಮೊರಿ ಪೂರ್ತಿ ಬಳಕೆಯಾಗಿ ಮುಗಿದಿದೆ, ಕೊಂದು ಜಾಗ ಮಾಡಿಕೊಳ್ಳೋಣ ಅಂದರೆ ಕೊಲ್ಲಬಹುದಾದ ಪ್ರೋಗ್ರಾಂ ಒಂದೂ ಇಲ್ಲ ಅಂತ ಅರ್ಥ.

ಎಲ್ಲಿ ನಿಂತಿದೆ ಅನ್ನುವುದನ್ನೂ ನೋಡಿಕೊಳ್ಳಿ. ಸ್ಕ್ರೀನೇ ಬಾರದೆ ಬೀಪ್ ಬೀಪ್ ಅಂದರೆ ಅದು ಹಾರ್ಡ್‌ವೇರ್, ಲಿನಕ್ಸ್ ಇನ್ನೂ ಚಿತ್ರದಲ್ಲೇ ಇಲ್ಲ. ಗ್ರಬ್ (ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ) ಮೆನು ಆದಮೇಲೆ ಸಾಲು ಸಾಲಾಗಿ ಓಡಿ ನಿಂತರೆ ಕರ್ನಲ್. ಲಾಗಿನ್ ಬಂದು ಡೇಟಾಬೇಸ್ ಮಾತ್ರ ಏಳದಿದ್ದರೆ ಅದು ಮೂರನೇ ಜಾತಿ, ಅದಕ್ಕೆ ಗ್ರಬ್ ಮುಟ್ಟಬೇಕಾಗಿಲ್ಲ.

ಗ್ರಬ್‌ನಲ್ಲಿ ತಾತ್ಕಾಲಿಕವಾಗಿ ತಿದ್ದುವುದು

ಸರ್ವರ್ ಆನ್ ಮಾಡಿ. ಹಳೇ ಬಯೋಸ್ ಮೆಷಿನ್ ಆದರೆ ಶಿಫ್ಟ್ ಕೀ ಒತ್ತಿ ಹಿಡಿಯಿರಿ. ಯುಇಎಫ್‌ಐ ಆದರೆ ಎಸ್ಕೇಪ್ ಕೀಯನ್ನು ಒಂದೇ ಸಲ ತಟ್ಟಿ. ಗಾಬರಿಯಲ್ಲಿ ಹತ್ತು ಸಲ ತಟ್ಟಿದರೆ ಮೆನು ದಾಟಿ ಗ್ರಬ್ ಪ್ರಾಂಪ್ಟಿಗೆ ಹೋಗಿ ಕೂರುತ್ತದೆ. ಹಾಗಾದರೆ ಮತ್ತೆ ಮೊದಲಿಂದ.

ಮೆನು ಬಂದಾಗ ಮೊದಲ ಸಾಲಿನ ಮೇಲೆ ನಿಂತು "ಇ" ಒತ್ತಿ. ಒಂದಷ್ಟು ಸಾಲು ಕಾಣುತ್ತವೆ. ಅದರಲ್ಲಿ "ಲಿನಕ್ಸ್" ಅಂತ ಶುರುವಾಗುವ ಉದ್ದದ ಸಾಲು ಹುಡುಕಿ. ಕರ್ನಲ್‌ಗೆ ನಾವು ಕೊಡುವ ಅಪ್ಪಣೆಗಳೆಲ್ಲ ಇರುವುದು ಅಲ್ಲಿ. "ಕ್ವಯಟ್", "ಸ್ಪ್ಲ್ಯಾಶ್" ಎರಡನ್ನೂ ಅಳಿಸಿ, ಆಗ ಕರ್ನಲ್ ಬಾಯಿ ಬಿಟ್ಟು ಮಾತಾಡುತ್ತದೆ. ಆಮೇಲೆ ಆ ಸಾಲನ್ನು ನಿಧಾನವಾಗಿ ಓದಿ. ರೈಟರು ಒಂದೊಂದೇ ಅಕ್ಷರ ಓದುತ್ತಾ ಹೋದರು: "ಎಚ್ ಯು ಜಿ ಇ, ಪಿ ಎ ಜಿ ಇ ಎಸ್, ಈಕ್ವಲ್ ಟು, ಮೂರು ಐದು ಎಂಟು ನಾಲ್ಕು."

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಹ್ಯೂಜ್‌ಪೇಜಸ್ 3584, ಅಂದರೆ ಮೆಮೊರಿಯನ್ನು ದೊಡ್ಡ ದೊಡ್ಡ ತುಂಡುಗಳಾಗಿ (ಹ್ಯೂಜ್ ಪೇಜ್) ಮೊದಲೇ ಎತ್ತಿಡಲು ಹೇಳುವ ಅಪ್ಪಣೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಅಂತ ಎರಡು ವರ್ಷದ ಹಿಂದೆ ನಾನೇ ಹಾಕಿದ್ದು. ಮಾಮೂಲಿ ಇಂಟೆಲ್ ಅಥವಾ ಎಎಂಡಿ ಸರ್ವರಿನಲ್ಲಿ ಒಂದು ಹ್ಯೂಜ್ ಪೇಜ್ ಅಂದರೆ 2 ಎಂಬಿ. 3584ನ್ನು ಎರಡರಿಂದ ಗುಣಿಸಿದರೆ 7168 ಎಂಬಿ, ಸರಿಯಾಗಿ 7 ಜಿಬಿ. ಮೆಷಿನ್‌ನಲ್ಲಿ 16 ಜಿಬಿ ಇತ್ತು, ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಮತ್ತೆ ಇವತ್ತೇನಾಯಿತು?

ಆ ಪ್ರಶ್ನೆ ಪಕ್ಕಕ್ಕಿಟ್ಟು ಮೊದಲು ಮೆಷಿನ್ ಏಳಿಸೋಣ. ಹ್ಯೂಜ್‌ಪೇಜಸ್ ಭಾಗವನ್ನು ಪೂರ್ತಿ ಅಳಿಸಿ, ಕಂಟ್ರೋಲ್-ಎಕ್ಸ್ ಅಥವಾ ಎಫ್10 ಒತ್ತಿ. ಇಲ್ಲಿ ತಿದ್ದಿದ್ದು ಈ ಒಂದು ಬೂಟ್‌ಗೆ ಮಾತ್ರ, ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ತಪ್ಪಾದರೆ ರೀಸ್ಟಾರ್ಟ್ ಮಾಡಿದರಾಯಿತು. ಹೆದರಬೇಡಿ.

ಅದೇ ಸಾಲಿನಲ್ಲಿ ಕಣ್ಣಿಡಬೇಕಾದ ಇನ್ನೆರಡು ಇವೆ. ಒಂದು "ಮೆಮ್=". ಯಾರೋ ಟೆಸ್ಟಿಂಗ್‌ಗೆ ಅಂತ "ಮೆಮ್=2ಜಿ" ಹಾಕಿ ತೆಗೆಯಲು ಮರೆತರೆ 16 ಜಿಬಿ ಮೆಷಿನ್ 2 ಜಿಬಿಯಲ್ಲೇ ಒದ್ದಾಡುತ್ತದೆ. "ಮೆಮ್=512" ಅಂತ ಹಾಕಿ ಎಂ ಬಿಟ್ಟರೆ ಇನ್ನೂ ಚೆಂದ. ಕರ್ನಲ್ ಅದನ್ನು 512 ಬೈಟ್ ಅಂತಲೇ ಓದುತ್ತದೆ. ಅಷ್ಟರಲ್ಲಿ ಅದರ ಕಾಲಿಡಲೂ ಜಾಗ ಇಲ್ಲ, ಸ್ಕ್ರೀನ್ ಕಪ್ಪಾಗಿ ನಿಂತುಬಿಡುತ್ತದೆ. ಇನ್ನೊಂದು "ಕ್ರ್ಯಾಶ್‌ಕರ್ನಲ್=". ಕರ್ನಲ್ ಬಿದ್ದಾಗ ಅದರ ಪಂಚನಾಮೆ ಮಾಡಲು ಮೊದಲೇ ಎತ್ತಿಡುವ ಜಾಗ ಅದು. ಸಣ್ಣ ಮೆಷಿನ್‌ನಲ್ಲಿ ಇದಕ್ಕೆ ಒಂದು ಜಿಬಿ ಕೊಡುವುದು ದುಂದು.

ಹ್ಯೂಜ್‌ಪೇಜ್ ಸಂಖ್ಯೆ ಗ್ರಬ್‌ನಲ್ಲಿ ಇಲ್ಲದೆ, ಕರ್ನಲ್‌ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಸಿಸ್‌ಸಿಟಿಎಲ್ ಫೈಲಿನಲ್ಲಿ "ವಿಎಂ.ಎನ್ಆರ್_ಹ್ಯೂಜ್‌ಪೇಜಸ್" ಅಂತ ಇದ್ದರೆ? ಆಗ ಲಿನಕ್ಸ್ ಸಾಲಿನ ಕೊನೆಗೆ "ಸಿಸ್ಟಮ್‌ಡಿ.ಯುನಿಟ್=ಎಮರ್ಜೆನ್ಸಿ.ಟಾರ್ಗೆಟ್" ಸೇರಿಸಿ ಬೂಟ್ ಮಾಡಿ. ತುಂಬಾ ಜನ ಇಲ್ಲಿ ರೆಸ್ಕ್ಯೂ ಟಾರ್ಗೆಟ್ ಹಾಕಿ ಸೋಲುತ್ತಾರೆ. ರೆಸ್ಕ್ಯೂ ಕೂಡ ದಾರಿಯಲ್ಲಿ ಸಿಸ್‌ಸಿಟಿಎಲ್ ಫೈಲುಗಳನ್ನು ಓದಿಯೇ ಬರುತ್ತದೆ, ಮತ್ತೆ ಅದೇ ಗುಂಡಿಗೆ ಬೀಳುತ್ತದೆ. ಎಮರ್ಜೆನ್ಸಿ ಓದುವುದಿಲ್ಲ. ಅದಕ್ಕೆ ರೂಟ್ ಪಾಸ್‌ವರ್ಡ್ ಬೇಕು. ರೂಟ್ ಅಕೌಂಟ್ ಲಾಕ್ ಆಗಿದ್ದರೆ "ಇನಿಟ್=/ಬಿನ್/ಬ್ಯಾಶ್" ಹಾಕಿ. ಒಳಗೆ ಹೋದಮೇಲೆ "ಮೌಂಟ್ -ಓ ರೀಮೌಂಟ್,ಆರ್‌ಡಬ್ಲ್ಯೂ /" ಕೊಡಿ, ಇಲ್ಲದಿದ್ದರೆ ಫೈಲ್ ಸೇವ್ ಆಗುವುದಿಲ್ಲ. ತಪ್ಪಾದ ಸಾಲಿನ ಮುಂದೆ ಹ್ಯಾಶ್ ಹಾಕಿ, "ಸಿಂಕ್" ಕೊಟ್ಟು, "ರೀಬೂಟ್ -ಎಫ್" ಮಾಡಿ.

ಇರುವುದೆಷ್ಟು, ಕೇಳಿದ್ದೆಷ್ಟು

ಮೆಷಿನ್ ಎದ್ದಿತು. ರೈಟರು ಖುಷಿಯಾಗಿ ಫೋನ್ ಇಡುವವರಿದ್ದರು, ನಾನು ತಡೆದೆ. "ಇನ್ನೊಂದು ಟೈಪ್ ಮಾಡಿ ರೈಟ್ರೇ. ಎಫ್ ಆರ್ ಇ ಇ, ಸ್ಪೇಸ್, ಡ್ಯಾಶ್, ಎಚ್."

"ಟೋಟಲ್ ಏಳು ಪಾಯಿಂಟ್ ಆರು ಅಂತಿದೆ ಸಾರ್."

ಹದಿನೈದು ಚಿಲ್ಲರೆ ಬರಬೇಕಿತ್ತು. 16 ಜಿಬಿ ಹಾಕಿದರೂ ಪೂರ್ತಿ 16 ಕಾಣುವುದಿಲ್ಲ. ಫರ್ಮ್‌ವೇರ್, ಕರ್ನಲ್, ಬೋರ್ಡಿನ ಮೇಲಿನ ಗ್ರಾಫಿಕ್ಸ್ ಒಂದಿಷ್ಟು ಎತ್ತಿಟ್ಟುಕೊಳ್ಳುತ್ತವೆ. ಆದರೆ ಅರ್ಧಕ್ಕರ್ಧ ಮಾಯವಾದರೆ ಅದು ಎತ್ತಿಟ್ಟದ್ದಲ್ಲ, ಒಂದು ರ‍್ಯಾಮ್ ಕಡ್ಡಿಯೇ ಇಲ್ಲ.

ಆಗಿದ್ದಿಷ್ಟು. ಎರಡು 8 ಜಿಬಿ ಕಡ್ಡಿಗಳಲ್ಲಿ ಒಂದು ಕೈಕೊಟ್ಟಿತು. ಮೆಷಿನ್ 8 ಜಿಬಿಯದ್ದಾಯಿತು. ಕರ್ನಲ್ ಮಾತ್ರ ಅಪ್ಪಣೆ ಪ್ರಕಾರ 7 ಜಿಬಿಯನ್ನು ಹ್ಯೂಜ್ ಪೇಜಿಗೆ ಕಟ್ಟಿಟ್ಟಿತು. ನಿಮಗೆಷ್ಟು ಉಳಿಯುತ್ತದೆ ಅಂತ ಅದು ಯೋಚಿಸುವುದಿಲ್ಲ. ಉಳಿದ ಚೂರು ಜಾಗದಲ್ಲಿ ಇನಿಟ್‌ರಾಮ್‌ಎಫ್‌ಎಸ್ (ಡಿಸ್ಕ್ ಮೌಂಟ್ ಆಗುವ ಮೊದಲು ಬೇಕಾದ ಡ್ರೈವರುಗಳ ಗಂಟು) ಬಿಚ್ಚಲು ಹೋಗಿ ಉಸಿರು ಕಟ್ಟಿತು. ಹ್ಯೂಜ್ ಪೇಜಿನಲ್ಲಿ ಕಟ್ಟಿಟ್ಟ ಮೆಮೊರಿಯನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ, ಸ್ವಾಪ್‌ಗೂ (ಮೆಮೊರಿ ಸಾಲದಾದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಕಳಿಸುವ ಹಾಗಿಲ್ಲ. ಸಂಖ್ಯೆ ತಪ್ಪಿರಲಿಲ್ಲ. ಅದರ ಕೆಳಗಿನ ನೆಲ ಕುಸಿದಿತ್ತು.

ಮೆಮೊರಿ ಪ್ಯಾನಿಕ್ ಕಂಡಾಗ ಎಲ್ಲರೂ ನೇರ ಕಾನ್ಫಿಗ್ ಫೈಲಿಗೆ ಕೈ ಹಾಕುತ್ತಾರೆ. ಅದಕ್ಕೆ ಮೊದಲು ಎರಡು ಅಂಕಿ ಪಕ್ಕಪಕ್ಕ ಬರೆದುಕೊಳ್ಳಿ: ಮೆಷಿನ್‌ಗೆ ಕಾಣುತ್ತಿರುವುದೆಷ್ಟು, ನಾವು ಬೇರೆ ಬೇರೆ ಕಡೆ ಕೇಳಿರುವುದೆಷ್ಟು.

ಕಾಣುತ್ತಿರುವುದು ಯಾವ ಸ್ಲಾಟಿನಲ್ಲಿ ಅಂತ ತಿಳಿಯಲು "ಸುಡೋ ಡಿಎಂಐಡಿಕೋಡ್ -ಟಿ ಮೆಮೊರಿ". ಪ್ರತಿ ಸ್ಲಾಟಿಗೂ ಒಂದೊಂದು ಕಂತೆ ಬರುತ್ತದೆ. ನಮ್ಮಲ್ಲಿ ಒಂದು ಕಡೆ 8 ಜಿಬಿ ಇತ್ತು, ಕಡ್ಡಿ ಇರಬೇಕಾದ ಇನ್ನೊಂದು ಕಡೆ "ನೋ ಮಾಡ್ಯೂಲ್ ಇನ್‌ಸ್ಟಾಲ್ಡ್". ಕೇಳಿರುವುದು ತಿಳಿಯಲು "ಕ್ಯಾಟ್ /ಪ್ರಾಕ್/ಸಿಎಂಡಿಲೈನ್", ಆಮೇಲೆ "ಗ್ರೆಪ್ -ಐ ಹ್ಯೂಜ್ /ಪ್ರಾಕ್/ಮೆಮ್‌ಇನ್ಫೊ". ಕರ್ನಲ್ ಕೇಳಿದಷ್ಟು ಕೊಡಲಾಗದೆ ಅಷ್ಟಿಷ್ಟು ಕೊಟ್ಟು ಬದುಕಿಕೊಂಡಿದ್ದರೆ "ಡಿಎಂಇಎಸ್‌ಜಿ" ಕಮಾಂಡಿನಲ್ಲಿ "ಹ್ಯೂಜ್‌ಟಿಎಲ್‌ಬಿ" ಅಂತ ಶುರುವಾಗುವ ಸಾಲು ಹುಡುಕಿ. ಇಷ್ಟು ಕೇಳಿದಿರಿ, ಇಷ್ಟೇ ಕೊಡಲಾಯಿತು ಅಂತ ಲೆಕ್ಕ ಸಮೇತ ಬರೆದಿರುತ್ತದೆ.

ಡಬ್ಬ ಬಿಚ್ಚುವುದು

ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಯಿತು, ಹೊರಟೆ. ಮಡಿಕೇರಿ ಸೀಮೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ. ಬೆಲ್ಟು, ಚಪ್ಪಲಿ, ಬ್ಯಾಗು, ಎಲ್ಲಕ್ಕೂ ಬೂಷ್ಟು. ನಮ್ಮ ಮನೆ ಬೀರುವಿನೊಳಗೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಂದು ಬಲ್ಬ್ ಉರಿಯುತ್ತಿರುತ್ತದೆ. ಸರ್ವರ್‌ಗೆ ಅದರದ್ದೇ ಬಿಸಿ ಆ ಬಲ್ಬ್ ಇದ್ದ ಹಾಗೆ. ಓಡುತ್ತಿರುವಷ್ಟು ಹೊತ್ತು ಒಳಗೆ ಒಣಗಿರುತ್ತದೆ. ಎರಡು ದಿನ ಆಫ್ ಆಗಿ ತಣ್ಣಗೆ ಕೂತರೆ ತೇವ ಹಿಡಿಯುತ್ತದೆ. ಹಾಗಾಗಿಯೇ ನಮ್ಮಲ್ಲಿ ಇಂಥ ಕಾಯಿಲೆ ದೊಡ್ಡ ಪವರ್ ಕಟ್ ಆದ ಮರುದಿನವೇ ಕಾಣುವುದು ಜಾಸ್ತಿ.

ಪವರ್ ವೈರ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಖಾಲಿಯಾಗುತ್ತದೆ. ಡಬ್ಬದ ಬರೀ ಲೋಹವನ್ನು ಒಮ್ಮೆ ಮುಟ್ಟಿ. ಕೊಡೆ, ರೈನ್‌ಕೋಟ್ ಹೊರಗಿರಲಿ. ಒದ್ದೆ ಕೈಯಲ್ಲಂತೂ ಬೇಡವೇ ಬೇಡ. ಸ್ಲಾಟಿನ ತುದಿಯ ಕೊಂಡಿ ಹೊರಕ್ಕೆ ತಳ್ಳಿದರೆ ಕಡ್ಡಿ ತಾನಾಗಿ ಮೇಲೇಳುತ್ತದೆ.

ಆ ದಿನ ತೆಗೆದ ಕಡ್ಡಿಯ ಚಿನ್ನದ ಬಣ್ಣದ ಹಲ್ಲುಗಳನ್ನು ಟಾರ್ಚ್ ಬೆಳಕಿಗೆ ಹಿಡಿದೆ. ನಡುವಿನ ನಾಲ್ಕೈದು ಹಲ್ಲುಗಳ ಮೇಲೆ ಮಂಜು ಕವಿದ ಕನ್ನಡಕದ ಹಾಗೆ ತೆಳು ಕಂದು ಪೊರೆ. ಬಟ್ಟೆಯಲ್ಲಿ ಒರೆಸಿದರೆ ಹೋಗಲಿಲ್ಲ. ಮೆತ್ತನೆಯ ಬಿಳಿ ರಬ್ಬರಿನಲ್ಲಿ ಒಂದೇ ದಿಕ್ಕಿಗೆ ನಾಲ್ಕು ಸಲ ಉಜ್ಜಿದೆ, ರಬ್ಬರಿನ ಪುಡಿ ಬ್ರಶ್‌ನಲ್ಲಿ ತೆಗೆದೆ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಟ್ಟೆ. ಬಾಯಿಂದ ಊದಬೇಡಿ. ಎಂಜಲಿನ ತೇವ ಸೇರಿಸಿದ ಹಾಗಾಗುತ್ತದೆ.

ವಾಪಸ್ ಹಾಕುವಾಗ ಕಡ್ಡಿಯ ಕಚ್ಚು ಸ್ಲಾಟಿನ ದಿಂಡಿಗೆ ಸರಿಯಾಗಿ ಕೂತಿದೆಯಾ ನೋಡಿ, ಎರಡೂ ತುದಿಗೆ ಸಮನಾಗಿ ಒತ್ತಿ. ಟಕ್ ಅಂತ ಶಬ್ದ ಬರಲೇಬೇಕು. ಇಷ್ಟಾದರೂ ಕಾಣದಿದ್ದರೆ ಒಂದೇ ಕಡ್ಡಿ ಹಾಕಿ ಸ್ಲಾಟ್ ಬದಲಿಸುತ್ತಾ ನೋಡಿ. ಕಡ್ಡಿ ಕೆಟ್ಟಿದೆಯೋ ಸ್ಲಾಟ್ ಕೆಟ್ಟಿದೆಯೋ ಗೊತ್ತಾಗುವುದು ಹಾಗೆಯೇ. ಹೊಸದು ಕೊಳ್ಳುವುದಾದರೆ ಹಳೆಯದರ ಮೇಲಿನ ಚೀಟಿ ಓದಿ ಅದೇ ಜಾತಿಯದ್ದೇ ತನ್ನಿ. ರಿಜಿಸ್ಟರ್ಡ್ ಕಡ್ಡಿಯನ್ನೂ ಅನ್‌ಬಫರ್ಡ್ ಕಡ್ಡಿಯನ್ನೂ ಒಟ್ಟಿಗೆ ಹಾಕಿದರೆ ಮೆಷಿನ್ ಆನ್ ಆಗುವುದೇ ಇಲ್ಲ.

ಕಂಡ ಮಾತ್ರಕ್ಕೆ ನಂಬಬೇಡಿ. ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಯುಇಎಫ್‌ಐ ಮೆಷಿನ್‌ಗೆ 6ನೇ ಆವೃತ್ತಿ ಅಥವಾ ಅದರ ನಂತರದ್ದೇ ಬೇಕು, ಹಳೆಯ 5 ಅದರಲ್ಲಿ ಬೂಟ್ ಆಗುವುದಿಲ್ಲ. ಕಮ್ಮಿ ಅಂದರೂ ಒಂದು ಪೂರ್ತಿ ಸುತ್ತು ಮುಗಿಯಬೇಕು. ಒಂದೇ ಒಂದು ಕೆಂಪು ಸಾಲು ಬಂದರೂ ಆ ಕಡ್ಡಿಯನ್ನು ಡೇಟಾಬೇಸ್ ಇರುವ ಮೆಷಿನ್‌ನಲ್ಲಿ ಇಡಬೇಡಿ. ಇಸಿಸಿ ಮೆಮೊರಿ (ತನ್ನ ತಪ್ಪು ತಾನೇ ಹಿಡಿಯುವಂಥದ್ದು) ಇರುವವರು "ಡಿಎಂಇಎಸ್‌ಜಿ"ಯಲ್ಲಿ "ಇಡಿಎಸಿ" ಹುಡುಕಿ. "ಸಿಇ" ಅಂದರೆ ತಪ್ಪಾಯಿತು, ತಾನೇ ಸರಿಮಾಡಿಕೊಂಡಿತು. "ಯುಇ" ಅಂದರೆ ಸರಿಮಾಡಲಾಗಲಿಲ್ಲ. ಸಿಇ ದಿನಾ ಬರುತ್ತಿದ್ದರೆ ಯುಇಗೆ ಕಾಯದೆ ಕಡ್ಡಿ ಬದಲಿಸಿ.

ಸಂಖ್ಯೆಯನ್ನು ಶಾಶ್ವತವಾಗಿ ಸರಿಪಡಿಸುವುದು

ಕಡ್ಡಿ ಸರಿಯಾಗಿ 15 ಚಿಲ್ಲರೆ ಕಂಡಿತು. ಹಾಗಂತ ಹಳೆ ಸಾಲನ್ನು ಹಾಗೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಅದೇ ಕಥೆ. ನಾನು ಮಾಡಿದ ಬದಲಾವಣೆ ಎರಡು.

ಒಂದು, ಹ್ಯೂಜ್ ಪೇಜನ್ನು ಗ್ರಬ್ ಸಾಲಿನಿಂದ ತೆಗೆದು ಸಿಸ್‌ಸಿಟಿಎಲ್‌ಗೆ ಸಾಗಿಸಿದ್ದು. ಡೆಬಿಯನ್, ಉಬುಂಟು ಆದರೆ "/ಇಟಿಸಿ/ಡಿಫಾಲ್ಟ್/ಗ್ರಬ್" ಫೈಲಿನಲ್ಲಿ ತೆಗೆದು "ಸುಡೋ ಅಪ್‌ಡೇಟ್-ಗ್ರಬ್". ರೆಡ್ ಹ್ಯಾಟ್ ಕುಟುಂಬದಲ್ಲಿ "ಗ್ರಬ್ಬಿ --ಅಪ್‌ಡೇಟ್-ಕರ್ನಲ್=ಆಲ್ --ರಿಮೂವ್-ಆರ್ಗ್ಸ್=ಹ್ಯೂಜ್‌ಪೇಜಸ್", ಇದರಲ್ಲಿ "ಆಲ್" ದೊಡ್ಡಕ್ಷರ. ಸಿಸ್‌ಸಿಟಿಎಲ್ ಕೆಲಸ ಮಾಡುವುದು ಬೂಟ್‌ನಲ್ಲಿ ಸ್ವಲ್ಪ ತಡವಾಗಿ. ಅಷ್ಟರಲ್ಲಿ ಡಿಸ್ಕ್ ಮೌಂಟ್ ಆಗಿರುತ್ತದೆ, ಕೆಟ್ಟರೂ ಎಮರ್ಜೆನ್ಸಿಯಲ್ಲಿ ಒಳಗೆ ಹೋಗಬಹುದು.

ಎರಡು, ಸಂಖ್ಯೆಯನ್ನು ಅಂದಾಜಿನಲ್ಲಿ ಹಾಕದೆ ಲೆಕ್ಕ ಹಾಕಿದ್ದು. ಪೋಸ್ಟ್‌ಗ್ರೆಸ್ 15ರಿಂದ ಈಚೆಗೆ "ಶೇರ್ಡ್_ಮೆಮೊರಿ_ಸೈಜ್_ಇನ್_ಹ್ಯೂಜ್_ಪೇಜಸ್" ಅನ್ನುವ ಅಂಕಿ ಅದೇ ಹೇಳುತ್ತದೆ. ಅದಕ್ಕೆ ಸ್ವಲ್ಪ ಸೇರಿಸಿ ಬರೆದರೆ ಸಾಕು. ಜೊತೆಗೆ ಪೋಸ್ಟ್‌ಗ್ರೆಸ್ ಕಾನ್ಫಿಗ್‌ನಲ್ಲಿ "ಹ್ಯೂಜ್_ಪೇಜಸ್" ಅನ್ನು "ಟ್ರೈ" ಅಂತಲೇ ಬಿಡಿ. "ಆನ್" ಮಾಡಿದರೆ ಹ್ಯೂಜ್ ಪೇಜ್ ಸಾಲದಾದಾಗ ಡೇಟಾಬೇಸ್ ಏಳುವುದೇ ಇಲ್ಲ. "ಟ್ರೈ" ಆದರೆ ಸಿಕ್ಕರೆ ಸರಿ, ಸಿಗದಿದ್ದರೆ ಮಾಮೂಲಿ ಮೆಮೊರಿಯಲ್ಲಿ ಓಡುತ್ತದೆ. ಬಟವಾಡೆ ದಿನ ಸ್ವಲ್ಪ ನಿಧಾನವಾದರೂ ಚೆಕ್‌ರೋಲ್ ತೆರೆದರೆ ಸಾಕಲ್ವಾ.

ಸಿಸ್‌ಸಿಟಿಎಲ್ ತೆರೆದಾಗ "ಓವರ್‌ಕಮಿಟ್_ಮೆಮೊರಿ" 2 ಆಗಿದೆಯಾ ನೋಡಿ. 2 ಅಂದರೆ ಕರ್ನಲ್ ಕಟ್ಟುನಿಟ್ಟಿನ ಸಾಲ ಕೊಡುವವನು. ರೇಶಿಯೊ, ಅಂದರೆ ಕೊಡಬಹುದಾದ ಪಾಲು, ಮಾಮೂಲಿ ಶೇಕಡ 50 ಇರುವುದರಿಂದ, ಸ್ವಾಪ್ ಇಲ್ಲದ ಮೆಷಿನ್‌ನಲ್ಲಿ ಅರ್ಧ ಮೆಮೊರಿ ಖಾಲಿ ಕೂತಿದ್ದರೂ "ಕೆನಾಟ್ ಅಲೋಕೇಟ್ ಮೆಮೊರಿ" ಅನ್ನುತ್ತದೆ. "ಪ್ಯಾನಿಕ್_ಆನ್_ಓಓಎಂ" 1 ಆಗಿದ್ದರೆ ಒಂದು ಪ್ರೋಗ್ರಾಂ ಕೊಂದು ಮುಗಿಯುವ ಕೆಲಸಕ್ಕೆ ಇಡೀ ಸರ್ವರ್ ಬೀಳುತ್ತದೆ. ಸುಮ್ನೆ 0 ಮಾಡಿ.

ಬೇರೆ ಪ್ಯಾನಿಕ್‌ಗಳು

"ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)". ಇದು ನಮ್ಮ ಕಡೆ ಬಹಳ. ಕರ್ನಲ್ ಅಪ್‌ಡೇಟ್ ಆಗುತ್ತಿದ್ದಾಗ ಕರೆಂಟ್ ಹೋಗಿರುತ್ತದೆ, ಇಲ್ಲವೇ ಬೂಟ್ ಪಾರ್ಟಿಷನ್ ತುಂಬಿ ಇನಿಟ್‌ರಾಮ್‌ಎಫ್‌ಎಸ್ ಅರ್ಧಕ್ಕೇ ನಿಂತಿರುತ್ತದೆ. ಗ್ರಬ್‌ನಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ ಹಳೆ ಕರ್ನಲ್ ಆರಿಸಿ. ಎದ್ದ ಮೇಲೆ "ಡಿಎಫ್ -ಎಚ್ /ಬೂಟ್" ನೋಡಿ. ತುಂಬಿದ್ದರೆ "ಸುಡೋ ಆಪ್ಟ್ ಆಟೋರಿಮೂವ್" ಮಾಡಿ ಹಳೆಯವನ್ನು ಕಳಿಸಿ. ಆಮೇಲೆ "ಸುಡೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಸಿ -ಕೆ" ಮುಂದೆ ಹೊಸ ಕರ್ನಲ್‌ನ ಹೆಸರು, ಕೊನೆಗೆ ಅಪ್‌ಡೇಟ್-ಗ್ರಬ್. ರೆಡ್ ಹ್ಯಾಟ್ ಕಡೆಯವರಿಗೆ "ಡ್ರಾಕಟ್ -ಎಫ್", ಅದಕ್ಕೂ "--ಕೆವರ್" ಜೊತೆ ಹೊಸ ಕರ್ನಲ್‌ನ ಹೆಸರು ಕೊಡಬೇಕು. ಹಳೆ ಕರ್ನಲ್ ಒಂದನ್ನಾದರೂ ಯಾವಾಗಲೂ ಉಳಿಸಿಕೊಳ್ಳಿ, ಡಿಸ್ಕ್ ಜಾಗದ ಆಸೆಗೆ ಅದನ್ನೂ ಅಳಿಸಬೇಡಿ.

ಗ್ರಬ್ ತಾನೇ "ಎರರ್: ಔಟ್ ಆಫ್ ಮೆಮೊರಿ" ಅಂದರೆ ರ‍್ಯಾಮ್ ಕಮ್ಮಿ ಅಂತಲೇ ಅಲ್ಲ. ಇನಿಟ್‌ರಾಮ್‌ಎಫ್‌ಎಸ್ ದಪ್ಪವಾಗಿ ಗ್ರಬ್‌ನ ಕೈಗೆ ನಿಲುಕುವ ಜಾಗದಲ್ಲಿ ಹಿಡಿಸುತ್ತಿಲ್ಲದಿರಬಹುದು. "/ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಇನಿಟ್‌ರಾಮ್‌ಎಫ್‌ಎಸ್.ಕಾನ್ಫ್" ಫೈಲಿನಲ್ಲಿ "ಮಾಡ್ಯೂಲ್ಸ್=ಮೋಸ್ಟ್" ಇರುವುದನ್ನು "ಡೆಪ್" ಮಾಡಿ ಮತ್ತೆ ಕಟ್ಟಿದರೆ ಸಣ್ಣದಾಗುತ್ತದೆ. ಆದರೆ ಹಾಗೆ ಕಟ್ಟಿದ ಡಿಸ್ಕನ್ನು ಬೇರೆ ಮೆಷಿನ್‌ಗೆ ಹಾಕಿದರೆ ಏಳದೇ ಇರಬಹುದು, ಈ ಮೆಷಿನ್‌ಗೆ ಬೇಕಾದ ಡ್ರೈವರ್ ಮಾತ್ರ ಅದರಲ್ಲಿರುತ್ತದೆ.

ಬೂಟ್ ಮಧ್ಯೆ ಸರಿಯಾಗಿ ಒಂದೂವರೆ ನಿಮಿಷ ನಿಂತು ಮುಂದೆ ಹೋದರೆ ಸ್ವಾಪ್ ನೋಡಿ. ಡಿಸ್ಕ್ ಬದಲಿಸಿದಾಗ ಅದರ ಗುರುತಿನ ಸಂಖ್ಯೆ ಯುಯುಐಡಿ ಬದಲಾಗಿರುತ್ತದೆ, ಬೂಟ್‌ನಲ್ಲಿ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಹಳೆಯದೇ ಇರುತ್ತದೆ. "ಬಿಎಲ್‌ಕೆಐಡಿ" ಕೊಟ್ಟು ಹೊಸದನ್ನು ನೋಡಿ ಬರೆಯಿರಿ, ಅದು ಸಿಗದಿದ್ದರೂ ಬೂಟ್ ನಿಲ್ಲದ ಹಾಗೆ "ನೋಫೇಲ್" ಸೇರಿಸಿ.

ಇನ್ನು ಎದ್ದು ಸ್ವಲ್ಪ ಹೊತ್ತಿಗೆ ಡೇಟಾಬೇಸ್ ಸಾಯುತ್ತಿದ್ದರೆ "ಡಿಎಂಇಎಸ್‌ಜಿ -ಟಿ" ಕೊಡಿ, ಟಿ ದೊಡ್ಡಕ್ಷರ. "ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್" ಸಾಲಿನಲ್ಲಿ ಸತ್ತವನ ಹೆಸರಿರುತ್ತದೆ. ಸತ್ತವನೇ ತಪ್ಪು ಮಾಡಿದವನು ಅಂತೇನಿಲ್ಲ, ಸಾಮಾನ್ಯವಾಗಿ ದಪ್ಪಗಿರುವವನನ್ನು ಹಿಡಿಯುತ್ತದೆ. "ಫ್ರೀ" ಕಾಲಂ ಸಣ್ಣದಿದೆ ಅಂತ ಗಾಬರಿ ಬೇಡ, ನೋಡಬೇಕಾದ್ದು "ಅವೈಲಬಲ್".

ಕೊನೆಯ ಪರೀಕ್ಷೆ

ಎಲ್ಲ ಸರಿ ಅನ್ನಿಸಿದ ಮೇಲೆ ನೀವು ಅಲ್ಲೇ ಇರುವಾಗ ಎರಡು ಸಲ ರೀಬೂಟ್ ಮಾಡಿ. ಒಂದು ಸಲ ಕಮಾಂಡಿನಿಂದ, ಇನ್ನೊಂದು ಸಲ ಸರಿಯಾಗಿ ಶಟ್‌ಡೌನ್ ಮಾಡಿ ಪವರ್ ವೈರ್ ಕಿತ್ತು ಹಾಕಿ. ಎರಡೂ ಸಲ "ಫ್ರೀ -ಎಚ್" ಮತ್ತು "ಸಿಎಂಡಿಲೈನ್" ನೋಡಿ. ಬೂಟ್ ಆದಾಗಲೆಲ್ಲ ಮೆಮ್‌ಟೋಟಲ್ ಓದಿ, 15 ಜಿಬಿಗಿಂತ ಕಮ್ಮಿ ಇದ್ದರೆ ನನಗೆ ಮೇಲ್ ಕಳಿಸುವ ಹಾಗೆ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ತಾನೇ ಮಾಡುವ ಪ್ರೋಗ್ರಾಂ) "ಅಟ್ ರೀಬೂಟ್" (ಅಟ್ ಅಂದರೆ @ ಚಿಹ್ನೆ) ಸಾಲೊಂದನ್ನು ಹಾಕಿ ಬಂದೆ.

ಚೀಟಿಯೊಂದನ್ನೂ ಬರೆದೆ: ಒಟ್ಟು 16 ಜಿಬಿ, 8+8, ಯಾವ ಯಾವ ಸ್ಲಾಟ್, ಹ್ಯೂಜ್ ಪೇಜ್ ಎಷ್ಟು, ಯಾವ ಫೈಲಿನಲ್ಲಿ. ಅಂಟಿಸಲು ಹೋದಾಗ ರೈಟರು ತಡೆದು, "ಹಾಗೇ ಅಂಟಿಸಿದ್ರೆ ಆಗಸ್ಟಲ್ಲಿ ಬೂಷ್ಟು ತಿನ್ನುತ್ತೆ ಸಾರ್" ಅಂತ ಅದನ್ನು ಇಸ್ಕೊಂಡರು. ಮರುದಿನ ಸುಂಟಿಕೊಪ್ಪದಲ್ಲಿ ಲ್ಯಾಮಿನೇಷನ್ ಮಾಡಿಸಿ ಸರ್ವರ್ ಡಬ್ಬದ ಒಳಬಾಗಿಲಿಗೆ ಹಾಕಿದರು.